ಜೀನ್ಸ್ ತೊಳೆದ ನೀರು, ಮನೆ ಆರ್‌ಒ ಪಂಪು, ನಾವೇ ಎಳೆದ ಮೆಂಬ್ರೇನ್

ಹೊಸ ಜೀನ್ಸ್ ಪ್ಯಾಂಟಿಗೆ ಹಳೆಯದರ ಕಳೆ ಬರಬೇಕಾದರೆ ಅದನ್ನು ದೊಡ್ಡ ಡ್ರಮ್ಮಿಗೆ ಹಾಕಿ ಪ್ಯೂಮಿಸ್ ಕಲ್ಲು, ಎಂಜೈಮ್, ಬ್ಲೀಚ್ ಜೊತೆ ತಿರುಗಿಸುತ್ತಾರೆ. ಬಳ್ಳಾರಿಯಲ್ಲಿ ಹೊಲಿಗೆ ಎಷ್ಟಿದೆಯೋ ಈ ವಾಷಿಂಗೂ ಅಷ್ಟೇ ಇದೆ. ಹೊರಗೆ ಬರುವ ನೀರು ಗಾಢ ನೀಲಿ. ಆ ನೀರನ್ನು ಪಾಲಿಮರ್ ಮೆಂಬ್ರೇನಿನಲ್ಲಿ, ಅಂದರೆ ಸಣ್ಣ ತೂತುಗಳಿರುವ ತೆಳು ಪ್ಲಾಸ್ಟಿಕ್ ಪೊರೆಯಲ್ಲಿ ಸೋಸಿ, ಮತ್ತೆ ಮೊದಲ ತೊಳೆತಕ್ಕಾದರೂ ಬಳಸಬಹುದಾ ಅನ್ನೋದು ನಮ್ಮ ಪ್ರಶ್ನೆ. ನಾವು ಅಂದರೆ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಪಾಠ ಮಾಡುವ ನಾನು ಮತ್ತು ಕೊನೆಯ ವರ್ಷದ ಕೆಲವು ವಿದ್ಯಾರ್ಥಿಗಳು. ಮಾರುಕಟ್ಟೆಯ ಮೆಂಬ್ರೇನ್ ತಂದು ಹಾಕಬಹುದಿತ್ತು. ಆದರೆ ಒಳಗೆ ಏನು ನಡೆಯುತ್ತದೆ ಅಂತ ಮಕ್ಕಳಿಗೆ ಗೊತ್ತಾಗುವುದು ಪಾಲಿಮರ್ ದ್ರಾವಣವನ್ನು ತಾವೇ ತೆಳ್ಳಗೆ ಎಳೆದು ಪೊರೆ ಮಾಡಿದಾಗ.

ಮೊದಲ ಚರ್ಚೆ, ಯಾವ ಪಾಲಿಮರ್ ಅಂತ. ಪುಸ್ತಕಗಳಲ್ಲಿ ಎಲ್ಲರಿಗೂ ಮೊದಲು ಸಿಗುವುದು ಸೆಲ್ಯುಲೋಸ್ ಅಸಿಟೇಟ್. 1960ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮ ದೇಶದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಸೇರಿ ಸಮುದ್ರದ ನೀರಿನಿಂದ ಉಪ್ಪು ಬೇರ್ಪಡಿಸುವ ಪೊರೆ ಮಾಡಿದ್ದು ಇದರಿಂದಲೇ. ಅವರು ಪಾಲಿಮರನ್ನು ಅಸಿಟೋನಿನಲ್ಲಿ ಕರಗಿಸಿ, ತೆಳ್ಳಗೆ ಹರಡಿ, ಐಸ್ ನೀರಿನಲ್ಲಿ ಮುಳುಗಿಸಿದರು. ಮೇಲೆ ಒತ್ತಾದ ತೆಳು ಪದರ, ಕೆಳಗೆ ತೂತು ತೂತಾದ ದಪ್ಪ ಪದರ ಬಂತು. ಅದಕ್ಕೂ ಮುಂಚಿನ ಪೊರೆಗಳು ಉಪ್ಪನ್ನೇನೋ ತಡೆಯುತ್ತಿದ್ದವು, ನೀರು ಮಾತ್ರ ಹನಿ ಹನಿ.

ನಮಗೆ ಇದು ಆಗಿಬರುವುದಿಲ್ಲ. ಎರಡು ಕಾರಣ. ಅಸಿಟೋನ್ ಕುದಿಯುವುದು 56 ಡಿಗ್ರಿಗೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಗಾಜಿನ ಮೇಲೆ ಹರಡುವಷ್ಟರಲ್ಲೇ ಅರ್ಧ ಹಾರಿಹೋಗಿರುತ್ತದೆ, ಒಂದು ಹಾಳೆಯಂತೆ ಇನ್ನೊಂದು ಬರುವುದಿಲ್ಲ. ಎರಡನೆಯದು, ಜೀನ್ಸ್ ನೀರಿನಲ್ಲಿ ಕ್ಷಾರ ಇರುತ್ತದೆ. ಸೆಲ್ಯುಲೋಸ್ ಅಸಿಟೇಟ್ ಕ್ಷಾರದಲ್ಲಿ ನಿಧಾನಕ್ಕೆ ಒಡೆಯುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಹಾಗಾಗಿ ಪಾಲಿಸಲ್ಫೋನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಆರಿಸಿದೆವು. ಪಿಎಚ್ 1ರಿಂದ 13ರವರೆಗೂ ತಡೆಯುತ್ತದೆ, ಬ್ಲೀಚಿನ ಕ್ಲೋರಿನ್‌ಗೂ ಅಷ್ಟಾಗಿ ಜಗ್ಗುವುದಿಲ್ಲ. ಅದನ್ನು ಕರಗಿಸುವ ದ್ರಾವಕ ಎನ್‌ಎಂಪಿ (ಎನ್-ಮೀಥೈಲ್ ಪೈರೊಲಿಡೋನ್) ಕುದಿಯುವುದು 202 ಡಿಗ್ರಿಗೆ. ನಮ್ಮ ಬಿಸಿಲಿಗೆ ಅದು ಕ್ಯಾರೇ ಅನ್ನುವುದಿಲ್ಲ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ್ ಅಮೀನಭಾವಿಯವರ ತಂಡ ಸೋಡಿಯಂ ಆಲ್ಜಿನೇಟ್, ಪಾಲಿವಿನೈಲ್ ಆಲ್ಕೊಹಾಲ್ ಪೊರೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅದು ಆಲ್ಕೊಹಾಲಿನಿಂದ ನೀರನ್ನು ಆವಿ ಮಾಡಿ ಬೇರ್ಪಡಿಸುವ ದಾರಿ, ನಮ್ಮದಕ್ಕಿಂತ ಬೇರೆ. ಮೆಂಬ್ರೇನ್ ಅಂದರೆ ವಿದೇಶದ್ದು ಅಂದುಕೊಂಡಿದ್ದ ಹುಡುಗರಿಗೆ ಇದನ್ನು ಹೇಳಿದ್ದು ಒಳ್ಳೆಯದಾಯಿತು.

ದ್ರಾವಣ

100 ಗ್ರಾಂ ದ್ರಾವಣಕ್ಕೆ ಪಾಲಿಸಲ್ಫೋನ್ 17 ಗ್ರಾಂ, ಪಾಲಿಎಥಿಲೀನ್ ಗ್ಲೈಕಾಲ್ (400 ಅನ್ನುವ ದರ್ಜೆಯದು) 5 ಗ್ರಾಂ, ಉಳಿದ 78 ಗ್ರಾಂ ಎನ್‌ಎಂಪಿ. ಗ್ಲೈಕಾಲ್ ಇರುವುದು ತೂತು ಮಾಡಲಿಕ್ಕೆ. ಆಮೇಲೆ ಅದು ನೀರಿಗೆ ಹೋಗಿಬಿಡುತ್ತದೆ. ಪಾಲಿಸಲ್ಫೋನ್ ಕಾಳುಗಳನ್ನು ಹಿಂದಿನ ರಾತ್ರಿಯೇ 100 ಡಿಗ್ರಿ ಓವನ್ನಿನಲ್ಲಿ ಒಣಗಿಸಬೇಕು. 60 ಡಿಗ್ರಿಯಲ್ಲಿ, ಮುಚ್ಚಳ ಬಿಗಿಯಾದ ಬಾಟಲಿಯಲ್ಲಿ, ಮ್ಯಾಗ್ನೆಟಿಕ್ ಸ್ಟರರ್ ಮೇಲೆ ಕರಗಿಸಿ. ಕಾಳುಗಳನ್ನು ಒಮ್ಮೆಲೇ ಸುರಿದರೆ ತಳದಲ್ಲಿ ಒಂದೇ ಮುದ್ದೆ ಆಗುತ್ತದೆ. ಸ್ವಲ್ಪ ಸ್ವಲ್ಪ ಹಾಕಿ. ಹದ ನೋಡುವುದು ಸುಲಭ: ಗಾಜಿನ ಕಡ್ಡಿ ಎತ್ತಿದರೆ ಒಂದೆಳೆ ಪಾಕದ ಹಾಗೆ ಎಳೆ ಕಡಿಯದೆ ಇಳಿಯಬೇಕು. ಆಮೇಲೆ ಸ್ಟರರ್ ಆಫ್ ಮಾಡಿ ರಾತ್ರಿಯಿಡೀ ಬಿಡಿ. ಒಳಗೆ ಉಳಿದ ಒಂದೊಂದು ಗಾಳಿಗುಳ್ಳೆಯೂ ಪೊರೆಯಲ್ಲಿ ಒಂದೊಂದು ತೂತು.

ಎನ್‌ಎಂಪಿ ವಿಷಯದಲ್ಲಿ ಸಲುಗೆ ಬೇಡ. ಚರ್ಮದೊಳಗಿಂದ ಇಳಿಯುತ್ತದೆ, ಗರ್ಭದ ಮಗುವಿಗೆ ಅಪಾಯಕಾರಿ. ಲ್ಯಾಬಿನಲ್ಲಿ ಸಿಗುವ ನೈಟ್ರೈಲ್ ಗ್ಲೌಸ್ ಹೆಚ್ಚು ಹೊತ್ತು ಅದನ್ನು ತಡೆಯುವುದಿಲ್ಲ, ಬ್ಯೂಟೈಲ್ ರಬ್ಬರಿನದು ವಾಸಿ. ಎಲ್ಲ ಕೆಲಸ ಫ್ಯೂಮ್ ಹುಡ್ ಒಳಗೆ. ಮನೆಯಲ್ಲಿ ಮಾಡುವ ಪ್ರಯೋಗ ಇದಲ್ಲ.

ಎಳೆಯುವುದು

ಕಾಸ್ಟಿಂಗ್ ನೈಫ್ ಅಂತ ಮಾರುವ ಸಾಧನಕ್ಕೆ ಬೆಲೆ ಜಾಸ್ತಿ. ನೇರವಾದ ಸ್ಟೀಲ್ ಸರಳಿನ ಎರಡೂ ತುದಿಗೆ ಎಲೆಕ್ಟ್ರಿಕ್ ಇನ್ಸುಲೇಷನ್ ಟೇಪ್ ಎರಡೆರಡು ಸುತ್ತು ಸುತ್ತಿದರೆ ಸಾಕು. ಒಂದು ಸುತ್ತು ಸುಮಾರು 0.13 ಮಿ.ಮೀ., ಎರಡು ಸುತ್ತಿಗೆ ಸರಳಿನ ಅಡಿ 0.25 ಮಿ.ಮೀ. ಸಂದು. ಟೇಪ್ ಸುತ್ತುವ ಮೊದಲು ಸರಳು ನೇರ ಇದೆಯಾ ಅಂತ ಕಿಟಕಿ ಗಾಜಿನ ಮೇಲೆ ಉರುಳಿಸಿ ನೋಡಿ. ಅಡಿಯಲ್ಲಿ ಬೆಳಕು ಕಂಡರೆ ಅದನ್ನು ಬಿಟ್ಟು ಬೇರೆ ಹುಡುಕಿ.

ಬರೀ ಗಾಜಿನ ಮೇಲೆ ಎಳೆದ ಪೊರೆ ಒತ್ತಡಕ್ಕೆ ಹರಿಯುತ್ತದೆ. ಅಡಿಗೆ ಪಾಲಿಯೆಸ್ಟರ್ ನಾನ್‌ವೋವನ್ ಬಟ್ಟೆ ಬೇಕು. ಗಾರ್ಮೆಂಟ್ ಊರಿನಲ್ಲಿ ಇರುವ ಸುಖ ಇಲ್ಲಿ ಗೊತ್ತಾಗುತ್ತದೆ. ಕಾಲರಿಗೆ, ಸೊಂಟದ ಪಟ್ಟಿಗೆ ಒಳಗೆ ಹಾಕುವ ಬಟ್ಟೆ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ಆದರೆ ಇಸ್ತ್ರಿ ಮಾಡಿ ಅಂಟಿಸುವ ಜಾತಿಯದು ಬೇಡ. ಅದರ ಮೇಲಿರುವ ಅಂಟಿನ ಚುಕ್ಕೆಗಳಿಂದ ದ್ರಾವಣ ಒಂದೇ ಸಮ ಕೂರುವುದಿಲ್ಲ. ಅಂಟಿಲ್ಲದ ಬಟ್ಟೆಯನ್ನು ಗಾಜಿಗೆ ಬಿಗಿಯಾಗಿ ಟೇಪ್ ಮಾಡಿ, ಎನ್‌ಎಂಪಿಯಿಂದ ತೆಳ್ಳಗೆ ಒದ್ದೆ ಮಾಡಿ, ಜಾಸ್ತಿಯಾದದ್ದನ್ನು ಒರೆಸಿ. ಇಲ್ಲದಿದ್ದರೆ ದ್ರಾವಣ ಬಟ್ಟೆಯ ಹಿಂಬದಿಗೆ ಇಳಿದು ಕೂರುತ್ತದೆ.

ಧೂಳಿನ ಮಾತು ಬಳ್ಳಾರಿಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಮಧ್ಯಾಹ್ನಕ್ಕೆ ಕೆಂಪು ಪುಡಿ. ಒಂದು ಕಣ ಸಿಕ್ಕಿಹಾಕಿಕೊಂಡರೆ ಅಲ್ಲೊಂದು ರಂಧ್ರ. ಕಿಟಕಿ ಮುಚ್ಚಿ, ಫ್ಯಾನ್ ಆಫ್ ಮಾಡಿ, ನೆಲಕ್ಕೆ ನೀರು ಚಿಮುಕಿಸಿದ ಮೇಲೆಯೇ ಎಳೆಯುತ್ತೇವೆ.

20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಹಾಳೆಗೆ ಸುಮಾರು 15 ಮಿ.ಲೀ. ದ್ರಾವಣ. ಸರಳನ್ನು ಉರುಳಿಸದೆ, ನಿಲ್ಲಿಸದೆ, ಒಂದೇ ವೇಗದಲ್ಲಿ ಎಳೆಯಿರಿ. ಮೂವತ್ತು ಸೆಕೆಂಡು ಬಿಟ್ಟು ಗಾಜನ್ನು ಓರೆಯಾಗಿ, ತಡೆಯದೆ ನೀರಿಗೆ ಇಳಿಸಿ. ಪಾರದರ್ಶಕವಾಗಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಲುಬಿಳಿ. ಎನ್‌ಎಂಪಿ ನೀರಿಗೆ ಹೋಗುತ್ತದೆ, ನೀರು ದ್ರಾವಣದೊಳಕ್ಕೆ ಬರುತ್ತದೆ, ಪಾಲಿಸಲ್ಫೋನಿಗೆ ನೀರು ಕಂಡರೆ ಆಗದು, ಗಟ್ಟಿಯಾಗಿ ನಿಂತುಬಿಡುತ್ತದೆ. ಎಷ್ಟು ಸಲ ನೋಡಿದರೂ ಹುಡುಗರು ಈ ಹೊತ್ತಿಗೆ ಮೊಬೈಲ್ ತೆಗೆಯುತ್ತಾರೆ.

ಪಾಕವಿಧಾನದಲ್ಲಿ ಬರೆಯದ ಒಂದು ಸಾಮಗ್ರಿ ಹವೆ. ಬೇಸಿಗೆಯ ಒಣ ಗಾಳಿಯಲ್ಲಿ ಪೊರೆ ನೀರಿಗೆ ಇಳಿಯುವವರೆಗೂ ತಿಳಿಯಾಗಿ ಇರುತ್ತದೆ. ಮಳೆಗಾಲದ ಜಿಗುಟು ದಿನ ಎನ್‌ಎಂಪಿ ಗಾಳಿಯ ತೇವವನ್ನೇ ಕುಡಿದು, ಗಾಜಿನ ಮೇಲೆಯೇ ಮಬ್ಬಾಗುತ್ತದೆ. ಆಗ ಮೇಲಿನ ಒತ್ತಾದ ಪದರ ಬರುವುದಿಲ್ಲ, ದೊಡ್ಡ ತೂತಿನ ಪೊರೆ ಸಿಗುತ್ತದೆ. ಇನ್ನು ನೀರಿನ ಬಿಸಿ. ಮಾಳಿಗೆ ಟ್ಯಾಂಕಿನಿಂದ ಮಧ್ಯಾಹ್ನ ಬರುವ ನೀರು ಸ್ನಾನಕ್ಕೇ ಸುಡುತ್ತದೆ. ಪ್ರಬಂಧಗಳಲ್ಲಿ ಸುಮ್ನೆ ‘ಸಾಮಾನ್ಯ ತಾಪಮಾನದ ನೀರು’ ಅಂತ ಬರೆದಿರುತ್ತಾರೆ. ಯಾರ ಸಾಮಾನ್ಯ? ಒಂದೇ ದ್ರಾವಣವನ್ನು 40 ಡಿಗ್ರಿ ನೀರಿನಲ್ಲಿ ಒಂದು ಹಾಳೆ, ಐಸ್ ಹಾಕಿದ 8 ಡಿಗ್ರಿ ನೀರಿನಲ್ಲಿ ಇನ್ನೊಂದು ಹಾಳೆ ಮಾಡಿದೆವು. ಕಣ್ಣಿಗೆ ಎರಡೂ ಒಂದೇ. ಬಿಸಿ ನೀರಿನದರಲ್ಲಿ ನೀರು ಜಾಸ್ತಿ ಹರಿಯಿತು, ಬೇಡದ್ದನ್ನು ತಡೆಯುವುದು ಕಮ್ಮಿ. ಆಮೇಲೆ ಎಲ್ಲ ಹಾಳೆಗೂ ಐಸು, ಥರ್ಮಾಮೀಟರು.

ಮುಗಿದ ಹಾಳೆಯನ್ನು ನೀರು ಬದಲಿಸುತ್ತಾ ಒಂದು ದಿನ ನೆನೆಸಿ. ಒಣಗಲು ಬಿಡಬೇಡಿ. ಒಣಗಿದರೆ ಸಣ್ಣ ತೂತುಗಳು ಕುಸಿದು ಮುಚ್ಚಿಕೊಳ್ಳುತ್ತವೆ, ಮತ್ತೆ ನೆನೆಸಿದರೂ ಮೊದಲಿನ ಹಾಗೆ ತೆರೆಯುವುದಿಲ್ಲ. ಎತ್ತಿಡಬೇಕಾದರೆ ಮೆಡಿಕಲ್ ಶಾಪಿನ ಗ್ಲಿಸರಿನ್ ಶೇ. 20ರಷ್ಟು ನೀರಿಗೆ ಸೇರಿಸಿ ಅದರಲ್ಲಿ ನೆನೆಸಿ. ಮುಳುಗಿಸಿದ ಬಕೆಟ್ಟಿನ ನೀರಿನಲ್ಲಿ ಎನ್‌ಎಂಪಿ ಇದೆ, ಮೋರಿಗೆ ಸುರಿಯುವ ಹಾಗಿಲ್ಲ. ಅದು ಬೇರೆ ಕ್ಯಾನಿಗೆ.

ಪರೀಕ್ಷೆಯ ಸೆಲ್

ಸೆಲ್ ಅಂದರೆ ಪೊರೆಯನ್ನು ಹಿಡಿದಿಡುವ ಜೋಡಣೆ: ಎರಡು ದಪ್ಪ ನೈಲಾನ್ ಪ್ಲೇಟು, ನಡುವೆ ಪೊರೆ, ಸುತ್ತ ಓ-ರಿಂಗ್, ಆರು ಬೋಲ್ಟು. ಗಣಿ ಲಾರಿ, ಯಂತ್ರಗಳ ರಿಪೇರಿ ನಡೆಯುವ ಊರಾದ್ದರಿಂದ ಲೇತ್ ಅಂಗಡಿಗೆ ಬರ ಇಲ್ಲ. ಓ-ರಿಂಗಿನ ಒಳಗೆ ಪೊರೆಯ ವ್ಯಾಸ 50 ಮಿ.ಮೀ., ಅಂದರೆ 19.6 ಚದರ ಸೆಂ.ಮೀ. ಇಷ್ಟು ಸಣ್ಣ ಜಾಗ ಅಲ್ವಾ ಅನ್ನಿಸಬಹುದು. 5 ಬಾರ್ ಒತ್ತಡದಲ್ಲಿ ಅದರ ಮೇಲೆ ಬೀಳುವ ಭಾರ ಸುಮಾರು 100 ಕೆ.ಜಿ. ಅದಕ್ಕೇ ಪ್ಲೇಟಿಗೆ ಅಕ್ರಿಲಿಕ್ ಬೇಡ. ಬೋಲ್ಟುಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಒತ್ತಡಕ್ಕೆ ಮನೆಯ ಆರ್‌ಒ ಯಂತ್ರದ 24 ವೋಲ್ಟ್ ಬೂಸ್ಟರ್ ಪಂಪು. ರಿಪೇರಿ ಅಂಗಡಿಯಲ್ಲಿ ಪಂಪಿನ ಜೊತೆಗೆ ಕೆಟ್ಟುಹೋದ ಆರ್‌ಒ ಮೆಂಬ್ರೇನುಗಳನ್ನೂ ಕೇಳಿ, ಸುಮ್ನೆ ಕೊಡುತ್ತಾರೆ. ಅದನ್ನು ಉದ್ದಕ್ಕೆ ಸೀಳಿದರೆ ಎರಡು ವಸ್ತು ಸಿಗುತ್ತವೆ. ಒಂದು, ಪ್ಲಾಸ್ಟಿಕ್ ಬಲೆ. ಇದನ್ನು ಪೊರೆಯ ಮೇಲ್ಬದಿಗೆ ಹಾಕಿದರೆ ನೀರು ಕಲಕುತ್ತಾ ಹರಿಯುತ್ತದೆ, ಕೊಳೆ ಕೂರುವುದು ಕಮ್ಮಿ. ಇನ್ನೊಂದು, ಸಣ್ಣ ಗೀರುಗಳಿರುವ ಬಿಳಿ ಗಟ್ಟಿ ಬಟ್ಟೆ. ಇದು ಪೊರೆಯ ಕೆಳಗೆ. ಸ್ಟೀಲ್ ಜಾಲರಿಯನ್ನು ನೇರವಾಗಿ ಕೆಳಗೆ ಇಟ್ಟರೆ ಒತ್ತಡಕ್ಕೆ ಅದೇ ಪೊರೆಯನ್ನು ಚುಚ್ಚುತ್ತದೆ. ಇಷ್ಟಾದ ಮೇಲೆ ಪೊರೆ ದಾಟದ ನೀರು ಹೊರಹೋಗುವ ಪೈಪಿಗೆ ಒತ್ತಡ ಹೊಂದಿಸಲು ನೀಡಲ್ ವಾಲ್ವು, ಅದಕ್ಕೂ ಮೊದಲು ಚದರ ಸೆಂ.ಮೀ.ಗೆ 10 ಕೆ.ಜಿ.ವರೆಗೆ ತೋರಿಸುವ ಒತ್ತಡದ ಗೇಜು.

ಮೊದಲು ಶುದ್ಧ ನೀರು, ಬೇಕಾದ ಒತ್ತಡಕ್ಕಿಂತ ಸ್ವಲ್ಪ ಮೇಲೆ. ಹೊಸ ಪೊರೆ ಒತ್ತಡಕ್ಕೆ ಕುಗ್ಗುತ್ತದೆ, ಹರಿವು ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ನಿಂತ ಮೇಲೆಯೇ ಅಳತೆ. ನಮ್ಮ ಐಸ್ ಹಾಳೆ 2 ಬಾರ್‌ನಲ್ಲಿ 6 ನಿಮಿಷಕ್ಕೆ 20 ಮಿ.ಲೀ. ಕೊಟ್ಟಿತು. ಗಂಟೆಗೆ 0.2 ಲೀಟರ್, ಅದನ್ನು 0.00196 ಚದರ ಮೀಟರಿನಿಂದ ಭಾಗಿಸಿದರೆ ಚದರ ಮೀಟರಿಗೆ ಗಂಟೆಗೆ 102 ಲೀಟರ್. ಕೇಳಲು ಚೆನ್ನಾಗಿದೆ. ಆದರೆ ಪಂಪು ಅದೇ ನೀರನ್ನು ಸುತ್ತಿಸಿ ಸುತ್ತಿಸಿ ಬಿಸಿ ಮಾಡಿತ್ತು, ನೀರು 35 ಡಿಗ್ರಿ. ಬಿಸಿ ನೀರು ತೆಳು. 25 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ 0.89, 35ರಲ್ಲಿ 0.72. ಆ ಅನುಪಾತದಿಂದ ಗುಣಿಸಿದರೆ 102 ಅನ್ನೋದು 82ರ ಹತ್ತಿರ ಬಂತು. ಐದರಲ್ಲೊಂದು ಭಾಗ ಪೊರೆಯದ್ದಲ್ಲ, ಬಳ್ಳಾರಿ ಬಿಸಿಲಿನದು.

ನೀಲಿ ಹೋಯಿತು, ಸರಿ. ಏನು ತಡೆಯಿತು?

ಜೀನ್ಸ್ ನೀರನ್ನು ಬಟ್ಟೆಯಲ್ಲಿ, ಆಮೇಲೆ 5 ಮೈಕ್ರಾನ್ ಸ್ಪನ್ ಫಿಲ್ಟರಿನಲ್ಲಿ ಸೋಸಿ ಸೆಲ್ಲಿಗೆ ಬಿಟ್ಟೆವು. ಒಳಗೆ ಹೋದದ್ದು ಕಡುನೀಲಿ, ಕೆಳಗೆ ಬಂದದ್ದು ನೀರಿನಂಥ ನೀರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೊ ತೆಗೆದು ವರದಿ ಬರೆಯುವ ಜಾಗ ಇದೇ, ಬಹಳ ವರದಿಗಳು ಇಲ್ಲೇ ನಿಲ್ಲುತ್ತವೆ.

ಆದರೆ ಜೀನ್ಸಿನ ನೀಲಿ ಬಣ್ಣವಾದ ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಅದರ ಅಣುತೂಕ ಬರೀ 262, ಆದರೂ ತೊಳೆದ ನೀರಿನಲ್ಲಿ ಅದು ಬಿಡಿ ಅಣುವಾಗಿ ಇರುವುದಿಲ್ಲ. ಕಣಗಳಾಗಿ, ನೂಲಿನ ಚೂರಿಗೆ ಅಂಟಿಕೊಂಡು ತೇಲುತ್ತಿರುತ್ತದೆ. ಅಂಥ ಕಣವನ್ನು ತಡೆಯಲು ನಮ್ಮ ಪೊರೆಯೇ ಬೇಕಿಲ್ಲ. ಲ್ಯಾಬಿನ 0.45 ಮೈಕ್ರಾನ್ ಫಿಲ್ಟರಿನಲ್ಲಿ ಅದೇ ನೀರನ್ನು ಸೋಸಿದರೆ ಅದೂ ಹೆಚ್ಚು ಕಮ್ಮಿ ತಿಳಿಯಾಗಿ ಬಂತು.

ಇದನ್ನು ಕಣ್ಣಿಗೇ ತೋರಿಸುವ ದಾರಿ ಬಣ್ಣದ ಅಂಗಡಿಯಲ್ಲಿದೆ. ಇಂಡಿಗೊ ಹಾಕುವವರು ಬಳಸುವ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಜೀನ್ಸ್ ನೀರಿಗೆ ಸ್ವಲ್ಪ ಕಾಸ್ಟಿಕ್ ಸೋಡ, ಹೈಡ್ರೋಸ್ ಹಾಕಿ 50 ಡಿಗ್ರಿಗೆ ಬಿಸಿ ಮಾಡಿದರೆ ನೀಲಿ ಹೋಗಿ ಹಳದಿ ಹಸಿರು ಬರುತ್ತದೆ. ಇಂಡಿಗೊ ಈಗ ಕರಗಿದೆ. ಗಾಳಿ ತಾಗದ ಹಾಗೆ ಬಾಟಲಿಯನ್ನು ಕಂಠದವರೆಗೆ ತುಂಬಿಸಿ, ಹಿಂದಿರುಗುವ ಪೈಪನ್ನು ನೀರಿನೊಳಗೇ ಮುಳುಗಿಸಿ, ಅದೇ ಪೊರೆಯಲ್ಲಿ ಬಿಟ್ಟೆವು. ಕೆಳಗೆ ತಿಳಿಹಳದಿ ನೀರು ಬಂತು. ಬೀಕರಿನಲ್ಲಿ ಗಾಳಿ ತಾಗಿದ್ದೇ ತಡ, ಮೇಲ್ಮೈಯಿಂದ ನೀಲಿ ಇಳಿಯತೊಡಗಿತು. ಯಾವ ಪೊರೆ ನೀಲಿಯನ್ನು ಪೂರ್ತಿ ತಡೆಯಿತು ಅಂದಿದ್ದೆವೋ ಅದರ ಮೂಲಕವೇ ಇಂಡಿಗೊ ದಾಟಿ ಬಂದಿತ್ತು. ಪೊರೆ ಹರಿದಿರಲಿಲ್ಲ. ಸೆಲ್ ತೊಳೆದು ಮತ್ತೆ ಮಾಮೂಲಿ ಜೀನ್ಸ್ ನೀರು ಬಿಟ್ಟರೆ ಮತ್ತೆ ತಿಳಿ ನೀರೇ. ಇದು ಮಾಡುವವರು ಹೈಡ್ರೋಸ್ ಡಬ್ಬಿಗೆ ತೇವ ತಾಗಿಸಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತು ಅದು.

ಇದು ಬರೀ ಲ್ಯಾಬಿನ ಆಟ ಅಲ್ಲ. ಬಣ್ಣಬಣ್ಣದ ಪ್ಯಾಂಟುಗಳಿಗೆ ಬಳಸುವ ರಿಯಾಕ್ಟಿವ್ ಬಣ್ಣಗಳು ನೀರಿನಲ್ಲಿ ಕರಗಿಯೇ ಇರುತ್ತವೆ. ಅವು ಈ ಪೊರೆಗೆ ಸಿಗುವುದಿಲ್ಲ.

ಕರಗಿದ ಬಣ್ಣದ ಪರೀಕ್ಷೆಗೆ ಕಾಲೇಜುಗಳಲ್ಲಿ ಸುಲಭಕ್ಕೆ ಸಿಗುವುದು ಮೀಥಿಲೀನ್ ಬ್ಲೂ, ಅಣುತೂಕ 320. ಅದೂ ಮೋಸ ಮಾಡುತ್ತದೆ. ಲೀಟರಿಗೆ 10 ಮಿ.ಗ್ರಾಂ. ದ್ರಾವಣ ಬಿಟ್ಟಾಗ ಮೊದಲ 50 ಮಿ.ಲೀ. ಬಣ್ಣವಿಲ್ಲದೆ ಬಂತು. ಅಲ್ಲೇ ಅಳೆದರೆ ತಡೆ ನೂರಕ್ಕೆ 95ಕ್ಕಿಂತ ಮೇಲೆ. ಬಿಡದೆ ಓಡಿಸಿದರೆ ಕೆಳಗಿನ ನೀರು ನೀಲಿಯಾಗುತ್ತಾ ಹೋಗಿ, ಕೊನೆಗೆ ಮೇಲಿನದರ ಐದರಲ್ಲಿ ನಾಲ್ಕು ಭಾಗ ಬಣ್ಣಕ್ಕೆ ಬಂದು ನಿಂತಿತು. ನಿಜವಾದ ತಡೆ ನೂರಕ್ಕೆ 20. ಉಳಿದದ್ದು ಎಲ್ಲಿ ಹೋಗಿತ್ತು? ಸೆಲ್ ಬಿಚ್ಚಿದರೆ ಪೊರೆ, ಅದರ ಕೆಳಗಿನ ಬಟ್ಟೆ ಎರಡೂ ನೀಲಿ. ಬಣ್ಣ ಅಂಟಿಕೊಂಡಿತ್ತು, ತಡೆಯಲ್ಪಟ್ಟಿರಲಿಲ್ಲ. ಅದಕ್ಕೇ ಈಗ ನಮ್ಮ ನೋಟ್ಸ್ ಪುಸ್ತಕದಲ್ಲಿ ಮೂರು ಲೆಕ್ಕ ಕಡ್ಡಾಯ: ಹಾಕಿದ ಬಣ್ಣ ಎಷ್ಟು, ಕೆಳಗೆ ಬಂದದ್ದು ಎಷ್ಟು, ಮೇಲೆ ಉಳಿದದ್ದು ಎಷ್ಟು. ಕೂಡಿಸಿದಾಗ ಕಮ್ಮಿ ಬಿದ್ದರೆ ಅದು ಪೊರೆಗೆ ಅಂಟಿದ್ದು. ಕಾಂಗೊ ರೆಡ್ ಬಣ್ಣ ತೆಗೆದುಕೊಂಡರೆ ಇನ್ನೊಂದು ತೊಂದರೆ, ಅದರ ಅಣುಗಳು ನೀರಿನಲ್ಲಿ ಗುಂಪುಗೂಡುತ್ತವೆ. ಅಣುತೂಕ 697 ಅಂತ ಬರೆದು ನಮ್ಮ ಪೊರೆ 697ನ್ನು ತಡೆಯುತ್ತದೆ ಅಂದರೆ ಅದು ಹುಸಿ.

ಹಾಗಾದರೆ ಈ ಪೊರೆಯ ನಿಜವಾದ ಅಳತೆ ಏನು, ಎಷ್ಟು ದೊಡ್ಡ ಅಣುವನ್ನು ತಡೆಯುತ್ತದೆ? ಪ್ರಯೋಗಾಲಯಗಳಲ್ಲಿ ಇದಕ್ಕೆ ದನದ ರಕ್ತದ ಆಲ್ಬುಮಿನ್ ಪ್ರೋಟೀನ್ ಬಳಸುತ್ತಾರೆ, ತುಟ್ಟಿ. ನಾವು ಕೋಳಿಮೊಟ್ಟೆಯ ಬಿಳಿಭಾಗವನ್ನು ತೆಳು ಉಪ್ಪುನೀರಿನಲ್ಲಿ ಕಲಸಿ, ಬಟ್ಟೆಯಲ್ಲಿ ಸೋಸಿ ಬಳಸಿದೆವು. ಅದರಲ್ಲಿ ಹೆಚ್ಚಿಗೆ ಇರುವ ಓವಾಲ್ಬುಮಿನ್ ಪ್ರೋಟೀನಿನ ಅಣುತೂಕ ಸುಮಾರು 45,000. ಕೆಳಗೆ ಬಂದ ನೀರಿಗೆ ಕಾಸ್ಟಿಕ್ ಸೋಡ, ಎರಡು ಹನಿ ಮೈಲುತುತ್ತದ ದ್ರಾವಣ. ಪ್ರೋಟೀನ್ ಇದ್ದರೆ ನೇರಳೆ. ಐಸ್ ಹಾಳೆಯಲ್ಲಿ ಕಂಡೂ ಕಾಣದಷ್ಟು ನೇರಳೆ ಬಂತು, ಬಿಸಿ ನೀರಿನ ಹಾಳೆಯಲ್ಲಿ ಢಾಳಾಗಿ. ಮಸುಕು ನೇರಳೆ ಕಂಡ ಮಾತ್ರಕ್ಕೆ ಪೊರೆ ಸೋರುತ್ತಿದೆ ಅನ್ನಬೇಡಿ. ಮೊಟ್ಟೆಯಲ್ಲಿ 14,000 ಅಣುತೂಕದ ಲೈಸೋಜೈಮ್ ಕೂಡ ಸ್ವಲ್ಪ ಇದೆ, ದಾಟುವುದು ಅದೂ ಇರಬಹುದು.

ಜೀನ್ಸ್ ನೀರಿನಲ್ಲಿ ನೂಲಿಗೆ ಹಾಕಿದ ಗಂಜಿಯೂ ಇರುತ್ತದೆ. ಕೆಳಗೆ ಬಂದ ನೀರಿಗೆ ಒಂದು ಹನಿ ಅಯೋಡಿನ್ ಬಿಟ್ಟರೆ ಗೊತ್ತಾಗುತ್ತದೆ, ನಮಗೆ ನೀಲಿ ಬರಲಿಲ್ಲ. ಟಿಡಿಎಸ್ ಮೀಟರ್ ಅದ್ದಿದರೆ ಮೇಲೂ ಕೆಳಗೂ ಒಂದೇ ಅಂಕಿ, ಉಪ್ಪು ಪೂರ್ತಿ ದಾಟುತ್ತದೆ. ಬರಬೇಕಾದದ್ದೂ ಹಾಗೆಯೇ. ಇಂಡಿಗೊ ಕಣ, ಗಂಜಿ, ಕಲ್ಲಿನ ಪುಡಿ, ನೂಲಿನ ಚೂರು ನಿಂತವು. ಉಪ್ಪು, ಕ್ಷಾರ, ಕರಗಿದ ಬಣ್ಣ ನಿಲ್ಲಲಿಲ್ಲ. ಕಲ್ಲು ಹಾಕಿ ತಿರುಗಿಸುವ ಮೊದಲ ಸುತ್ತಿಗೆ ಈ ನೀರು ಸಾಕು ಅನ್ನೋದು ನನ್ನ ಅಭಿಪ್ರಾಯ. ಕೊನೆಯ ತೊಳೆತಕ್ಕೆ ಬೇಡ.

ಗಂಜಿಯೇ ದೊಡ್ಡ ಶತ್ರು. ಜೀನ್ಸ್ ನೀರು ಬಿಟ್ಟ ಒಂದು ಗಂಟೆಯೊಳಗೆ ಹರಿವು ಅರ್ಧಕ್ಕಿಂತ ಕೆಳಗೆ ಬಂತು. ಪೊರೆಯ ಮೇಲೆ ಬೆರಳಾಡಿಸಿದರೆ ಲೋಳೆ. ಒತ್ತಡ ಏರಿಸಿದರೆ ಹರಿವು ಕ್ಷಣಕಾಲ ಏರಿ, ಲೋಳೆ ಇನ್ನೂ ಒತ್ತಾಗಿ ಮತ್ತೆ ಇಳಿಯುತ್ತದೆ. ಒತ್ತಡ ಇಳಿಸಿ, ವಾಲ್ವ್ ಪೂರ್ತಿ ತೆರೆದು ಶೇ. 0.1ರ ಕಾಸ್ಟಿಕ್ ಸೋಡ ದ್ರಾವಣವನ್ನು ಅರ್ಧ ಗಂಟೆ ಸುತ್ತಿಸಿದರೆ ಬಹುಪಾಲು ವಾಪಸ್ ಬರುತ್ತದೆ. ಪಾಲಿಸಲ್ಫೋನ್ ಆರಿಸಿದ್ದಕ್ಕೆ ಇಲ್ಲಿ ಲಾಭ. ಮನೆಯ ಆರ್‌ಒ ಪೊರೆಯನ್ನೇ ನೇರವಾಗಿ ಹಾಕಬಾರದಾ ಅಂತ ಒಬ್ಬ ವಾಷಿಂಗ್ ಮಾಲೀಕರು ಕೇಳಿದರು. ಅದರ ಮೇಲಿನ ಪದರ ಪಾಲಿಅಮೈಡ್, ಬ್ಲೀಚಿನ ಕ್ಲೋರಿನ್ ತಾಗಿದರೆ ಹಾಳಾಗುತ್ತದೆ. ಮೊದಲು ಮೆಟಾಬೈಸಲ್ಫೈಟ್ ಹಾಕಿ ಕ್ಲೋರಿನ್ ಕೊಲ್ಲಬೇಕು.

ಕರಗಿದ ಬಣ್ಣ ಹಿಡಿಯಲು ಮುಂದಿನ ಕೆಲಸ ಶುರುವಾಗಿದೆ. ಇದೇ ಪಾಲಿಸಲ್ಫೋನ್ ಹಾಳೆಯನ್ನು ಪಿಪರಜೀನ್ ಬೆರೆಸಿದ ನೀರಿನಲ್ಲಿ ನೆನೆಸಿ, ಮೇಲೆ ಟ್ರೈಮೆಸಾಯ್ಲ್ ಕ್ಲೋರೈಡ್ ಕರಗಿಸಿದ ಹೆಕ್ಸೇನ್ ಸುರಿದರೆ ನಿಮಿಷದೊಳಗೆ ಇನ್ನೊಂದು ಅತಿ ತೆಳು ಪದರ ಹುಟ್ಟುತ್ತದೆ. ಅದು ರಿಯಾಕ್ಟಿವ್ ಬಣ್ಣವನ್ನು ಹಿಡಿದು, ಅಡುಗೆ ಉಪ್ಪನ್ನು ಬಹುಮಟ್ಟಿಗೆ ಬಿಡಬೇಕು. ಬಣ್ಣದ ತೊಟ್ಟಿಗೆ ಉಪ್ಪು ಬೇಕೇ ಬೇಕಾದ್ದರಿಂದ ಆ ನೀರನ್ನು ಹಾಗೇ ವಾಪಸ್ ಬಳಸುವ ಆಸೆ. ಹೆಕ್ಸೇನ್ ಕುದಿಯುವುದು 69 ಡಿಗ್ರಿಗೆ, ಬೆಂಕಿಗೂ ಹತ್ತಿರ. ಈ ಕೆಲಸ ಮಾತ್ರ ಡಿಸೆಂಬರಿನ ಬೆಳಗಿನ ಹೊತ್ತಿಗೆ ಮುಂದೂಡಿದ್ದೇವೆ.

ಅಲ್ಲಿಯವರೆಗೆ ಮೇಲೆ ಉಳಿದ ಕಡುನೀಲಿ ನೀರಿನ ವಿಚಾರ. ಪೊರೆ ಬಣ್ಣವನ್ನು ಇಲ್ಲವಾಗಿಸುವುದಿಲ್ಲ, ಹತ್ತು ಲೀಟರಿನಲ್ಲಿದ್ದದ್ದನ್ನು ಒಂದು ಲೀಟರಿಗೆ ತರುತ್ತದೆ ಅಷ್ಟೇ. ಅದನ್ನು ಅಗಲ ತಟ್ಟೆಗಳಲ್ಲಿ ಮಾಳಿಗೆ ಮೇಲೆ ಒಣಗಲು ಇಟ್ಟಿದ್ದೇವೆ. ತಟ್ಟೆಯಲ್ಲಿ ಉಳಿದ ಪುಡಿಯನ್ನು ತೂಗಿ, ಡಬ್ಬಿಯಲ್ಲಿ ಹಾಕಿ, ಲೇಬಲ್ ಅಂಟಿಸುವುದು ಸದ್ಯಕ್ಕೆ ಮೊದಲ ವರ್ಷದವರ ಕೆಲಸ.